ಒರಳು ಅಕ್ಕನಿಗೆ, ಗುಂಡು ತಂಗಿಗೆ

ನಲವತ್ತು ದಿನದ ಉಪವಾಸದ ತಪಸ್ಸುಕಾಲ ಬಂತೆಂದರೆ ಮನುಷ್ಯರ ಹೊಟ್ಟೆ ಖಾಲಿಯಾಗುತ್ತದೆ, ಕಿವಿ ಚುರುಕಾಗುತ್ತದೆ, ನಾಲಿಗೆ ಮಾತ್ರ ಇದ್ದ ಹಾಗೇ ಇರುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ಮದುವೆಯಾದ ಎರಡನೆಯ ವರ್ಷ, ಊಟಿ ಬೆಟ್ಟದ ಕೆತ್ತಿ ಎಂಬ ಊರಿನ ಮೇಲ್ಬದಿಯಲ್ಲಿದ್ದ ನಮ್ಮ ಮನೆಯ ಅಂಗಳದಲ್ಲಿ ಕೂತು, ದಿನಕ್ಕೊಂದರಂತೆ ಬೈಬಲ್ಲಿನ ವೇದಪಾಠ ಓದಿ ಓದಿ ನಾನೇ ಕಲಿತದ್ದು.

ನಮ್ಮದು ಆರು ಮನೆಗಳ ಕೇರಿ. ಎಲ್ಲರೂ ಮೈಸೂರು ಸೀಮೆಯಿಂದ ಬೆಟ್ಟ ಹತ್ತಿ ಬಂದ ಕನ್ನಡದ ಕ್ರೈಸ್ತರು. ಗಂಡಸರಿಗೆ ಉದಕಮಂಡಲದ ಬಿಳಿ ದೊರೆಗಳ ಬಂಗಲೆಗಳಲ್ಲಿ ತೋಟದ ಕೆಲಸ, ಅಡುಗೆ ಕೆಲಸ. ಹೆಂಗಸರಿಗೆ ಮನೆಯ ಹಿಂದಿನ ಆಲೂಗಡ್ಡೆ, ಕೋಸು, ಮತ್ತು ಅಕ್ಕಪಕ್ಕದವರ ವಿಚಾರ. ಕೇರಿಯ ತುದಿಯಲ್ಲಿ ತಗಡು ಹೊದಿಸಿದ ಸಣ್ಣ ಗುಡಿಯೊಂದಿತ್ತು. ಬಿಳಿಗಡ್ಡದ ಫ್ರೆಂಚ್ ಸ್ವಾಮಿಗಳು ತಿಂಗಳಿಗೊಮ್ಮೆ ಕುದುರೆಯ ಮೇಲೆ ಬಂದು ಪೂಜೆ ಮಾಡಿ, ಎಲ್ಲರ ಪಾಪನಿವೇದನೆ ಕೇಳಿ, ಸುಸ್ತಾಗಿ ಹಿಂದಿರುಗುತ್ತಿದ್ದರು.

ಉಳಿದ ದಿನಗಳಲ್ಲಿ ನಮ್ಮನ್ನು ನೋಡಿಕೊಳ್ಳಲು ಒಬ್ಬ ಉಪದೇಶಿ ತಾತ ಇದ್ದರು. ಜಪ ಹೇಳಿಸುವುದು, ಪಾಠ ಓದುವುದು ಅವರ ಕೆಲಸ. ಆದರೆ ಅವರ ಕಣ್ಣಿಗೆ ಪೊರೆ ಬಂದಿತ್ತು. ಹಿಂದಿನ ವರ್ಷ ಒಂದೇ ಪಾಠವನ್ನು ಮೂರು ಸಂಜೆ ಓದಿದ್ದರಂತೆ. ಯಾರೂ ಆಕ್ಷೇಪಿಸಲಿಲ್ಲ, ಸ್ವಾಮಿಗಳು ವಿಚಾರಿಸಿದಾಗ ಕೇರಿಯವರು, "ಬಾಳ ಚೆನ್ನಾಗಿತ್ತು ಸ್ವಾಮಿ, ಮೂರೂ ಬೇರೆ ಬೇರೆ ತರ ಇತ್ತು" ಅಂದರಂತೆ.

ಹಾಗಾಗಿ ಆ ವರ್ಷ ಓದುವ ಕೆಲಸ ನನ್ನ ತಲೆಗೆ ಬಂತು. ನಾನು ಬೆಳೆದದ್ದು ಬೆಟ್ಟದ ಕೆಳಗಿನ ಕನ್ಯಾಸ್ತ್ರೀಯರ ಅನಾಥಾಲಯದಲ್ಲಿ. ಅಪ್ಪ ಅಮ್ಮ ಯಾರೆಂದು ನನಗೂ ಗೊತ್ತಿಲ್ಲ, ಆ ಕನ್ಯಾಸ್ತ್ರೀಯರಿಗೂ ಗೊತ್ತಿರಲಿಲ್ಲ. ಐದನೆಯ ತರಗತಿಯವರೆಗೆ ಓದಿಸಿ, ಹೊಲಿಗೆ ಕಲಿಸಿ, ಒಂದು ಟ್ರಂಕು ಕೊಟ್ಟು ಮದುವೆ ಮಾಡಿದ್ದರು. ಮಸಿನಗುಡಿಯ ಕಡೆಯಿಂದ ಎತ್ತಿನಗಾಡಿಯಲ್ಲಿ ಘಾಟಿ ಹತ್ತುವಾಗ ಗಾಡಿ ಎಲ್ಲಿ ಹಿಂದಕ್ಕೆ ಜಾರುತ್ತದೋ ಎಂದು ಟ್ರಂಕನ್ನು ತಬ್ಬಿಕೊಂಡು ಕೂತಿದ್ದೆ. ನನ್ನ ಗಂಡ ಅದನ್ನು ನೋಡಿ, ಇವಳಿಗೆ ಗಂಡನಿಗಿಂತ ಟ್ರಂಕೇ ಹೆಚ್ಚು ಎಂದು ವರ್ಷಪೂರ್ತಿ ಹೇಳಿಕೊಂಡು ತಿರುಗಿದರು.

ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರಕ್ಕೆ ಮೊದಲ ಭಾನುವಾರ ಸ್ವಾಮಿಗಳು ನನ್ನ ಕೈಗೆ ಕೈಬರಹದ ಒಂದು ದಪ್ಪ ಪುಸ್ತಕ ಇಟ್ಟರು. ತಪಸ್ಸುಕಾಲದ ಪ್ರತಿ ದಿನಕ್ಕೂ ಪೂಜೆಯಲ್ಲಿ ಬೇರೆ ಬೇರೆ ವೇದಪಾಠ ಗೊತ್ತು ಮಾಡಿರುತ್ತಾರೆ. ನಮಗೆ ದಿನಾ ಪೂಜೆ ಇಲ್ಲವಾದ್ದರಿಂದ ಅವೆಲ್ಲವನ್ನೂ ಅವರೇ ಕನ್ನಡದಲ್ಲಿ ಬರೆಸಿದ್ದರು. "ಗುಡಿಯಲ್ಲಿ ಬೇಡ, ನಿಮ್ಮ ಮನೆಯ ಮುಂದೆ ಓದು. ಹಲಗೆಯ ಎರಡೂ ಕಡೆಗೆ ಕೇಳಿಸಬೇಕು" ಎಂದರು. ಹಲಗೆಯ ವಿಚಾರ ಸ್ವಾಮಿಗಳಿಗೂ ಗೊತ್ತಿದೆಯೆಂದು ನನಗೆ ನಾಚಿಕೆಯಾಯಿತು.

ಆ ಹಲಗೆಯ ಕಥೆ ಹೇಳದೆ ಮುಂದಕ್ಕೆ ಹೋಗುವ ಹಾಗಿಲ್ಲ. ನನ್ನ ಅತ್ತೆ ಮತ್ತು ದೊಡ್ಡತ್ತೆ ಒಡಹುಟ್ಟಿದ ಅಕ್ಕತಂಗಿಯರು. ಅಣ್ಣತಮ್ಮಂದಿರಿಬ್ಬರನ್ನು ಒಂದೇ ಚಪ್ಪರದಡಿ ಮದುವೆಯಾಗಿ ಒಂದೇ ಮನೆಗೆ ಬಂದವರು. ಗಂಡಸರಿಬ್ಬರೂ ಒಂದೇ ಮಳೆಗಾಲದಲ್ಲಿ ಜ್ವರದಿಂದ ತೀರಿಕೊಂಡರು. ಅವರ ವರ್ಷದ ಪೂಜೆ ಆಗುವ ಮೊದಲೇ ಇವರಿಬ್ಬರಿಗೂ ಜಗಳವಾಗಿ ಮನೆ ಪಾಲಾಯಿತು. ಟೀ ಪೆಟ್ಟಿಗೆಯ ಹಲಗೆಗಳನ್ನು ಒತ್ತಾಗಿ ಬಡಿದು, ಒಲೆಮನೆಯಿಂದ ಹಿಡಿದು ಜಗುಲಿಯ ಅಂಚಿನವರೆಗೆ ಒಂದು ಗೋಡೆ ಎಬ್ಬಿಸಿದರು. ಈ ಕಡೆ ಅತ್ತೆ, ಅವರ ಒಬ್ಬನೇ ಮಗ, ಆಮೇಲೆ ನಾನು. ಆ ಕಡೆ ದೊಡ್ಡತ್ತೆ ಮತ್ತು ಅವರ ಎರಡು ಆಡು.

ಪಾಲಿನ ದಿನ ಎಲ್ಲವೂ ಸಲೀಸಾಗಿ ನಡೆದು ಕೊನೆಗೆ ಒಂದು ರುಬ್ಬುವ ಕಲ್ಲಿನ ಹತ್ತಿರ ಬಂದು ನಿಂತಿತಂತೆ. ಅದು ಅವರಿಬ್ಬರ ತಾಯಿಯ ಕಲ್ಲು. ತವರಿನಿಂದ ಗಾಡಿಯಲ್ಲಿ ಹೇರಿಕೊಂಡು ತಂದದ್ದು. ಇಬ್ಬರೂ ಅದನ್ನು ಬಿಡಲೊಲ್ಲರು. ಕೇರಿಯ ಹಿರಿಯರು ಬೆಳಗಿನಿಂದ ಸಂಜೆಯವರೆಗೆ ಯೋಚಿಸಿ, ಒರಳು ಅಕ್ಕನಿಗೆ, ಗುಂಡು ತಂಗಿಗೆ ಎಂದು ತೀರ್ಮಾನ ಕೊಟ್ಟರು. ಒಂದಿಲ್ಲದೆ ಇನ್ನೊಂದು ನಡೆಯದು, ಹಾಗಾಗಿ ನಾಲ್ಕು ದಿನದಲ್ಲಿ ಇಬ್ಬರೂ ರಾಜಿಯಾಗುತ್ತಾರೆ ಎಂಬುದು ಅವರ ಲೆಕ್ಕ. ಹೆಂಗಸರ ಹಟ ಗೊತ್ತಿಲ್ಲದ ಗಂಡಸರು ಮಾಡಿದ ಲೆಕ್ಕ ಅದು. ಎಂಟು ವರ್ಷವಾಗಿತ್ತು. ದೊಡ್ಡತ್ತೆಯ ಒರಳಿನಲ್ಲಿ ಆಡುಗಳು ನೀರು ಕುಡಿಯುತ್ತಿದ್ದವು. ನಮ್ಮ ಅತ್ತೆ ಗುಂಡನ್ನು ಹಿತ್ತಿಲ ಬಾಗಿಲಿಗೆ ಒತ್ತು ಕೊಟ್ಟಿದ್ದರು.

ಎರಡು ಮನೆಯ ಖಾರ, ಹಿಟ್ಟು ಎಲ್ಲ ರುಬ್ಬಿಸಿಕೊಂಡು ಬರುತ್ತಿದ್ದದ್ದು ಈ ಬೆಟ್ಟದ ಹಳೆಯ ಜನರಾದ ಬಡಗರ ಕೆಳಗಿನ ಹಟ್ಟಿಯಿಂದ. ಅತ್ತೆಯ ಪಾಲಿಗೆ ಆ ದಾರಿ ನಡೆಯುವವಳು ನಾನು. ಹಟ್ಟಿಯ ಅಜ್ಜಿಯೊಬ್ಬರು ತಮ್ಮ ಮನೆಯ ಕಲ್ಲನ್ನು ನನಗೆ ಬಿಟ್ಟುಕೊಟ್ಟು ಪಕ್ಕದಲ್ಲಿ ಕೂತು ಮಾತಾಡಿಸುತ್ತಿದ್ದರು. ಅವರ ಬಡಗ ಮಾತು ನನಗೆ ಅರ್ಧ ತಿಳಿಯುತ್ತಿತ್ತು. ಕಲ್ಲನ್ನು ಪಾಲು ಮಾಡಿಕೊಂಡ ಜನ ನೀವು ಎಂದು ಅವರು ಪ್ರತಿ ಸಲವೂ ಹೊಸದಾಗಿ ಕೇಳಿದವರಂತೆ ನಗುವಾಗ ಮಾತ್ರ ಪೂರ್ತಿ ತಿಳಿಯುತ್ತಿತ್ತು. ಇಳಿಯುವಾಗ ಪಾತ್ರೆ ಹಗುರ, ಹತ್ತುವಾಗ ಭಾರ. ಅದೂ ಆ ವರ್ಷ ನಾನು ಬಸುರಿ. ತಪಸ್ಸುಕಾಲ ಮುಗಿದು ಬರುವ ಪಾಸ್ಕ ಹಬ್ಬದ ವಾರದಲ್ಲಿ ಹೆರಿಗೆ ಎಂದು ಕೇರಿಯ ಹೆಂಗಸರೆಲ್ಲ ಬೆರಳು ಮಡಿಚಿ ಹೇಳಿದ್ದರು.

ನನಗಿದ್ದ ಭಯ ಒಂದೇ. ಕೇರಿಯ ಅಷ್ಟೂ ಮಕ್ಕಳನ್ನು, ನನ್ನ ಗಂಡನನ್ನೂ ಸೇರಿಸಿ, ಹೆರಿಗೆ ಮಾಡಿಸಿದವರು ದೊಡ್ಡತ್ತೆ. ಹಟ್ಟಿಯವರು ಕೂಡ ಕಷ್ಟದ ಹೆರಿಗೆಯೆಂದರೆ ಅವರಿಗೇ ಹೇಳಿಕಳಿಸುತ್ತಿದ್ದರು. ಆದರೆ ಅವರು ಹಲಗೆ ದಾಟಿ ನಮ್ಮ ಕಡೆ ಕಾಲಿಡುವುದಿಲ್ಲ. ಅತ್ತೆ ಕರೆಯುವುದಿಲ್ಲ. "ನಾನಿಲ್ವಾ? ನಾನೇ ಮಾಡಿಸ್ತೀನಿ" ಎನ್ನುತ್ತಿದ್ದರು ಅತ್ತೆ. ಕೋಳಿ ಕುಯ್ಯುವಾಗ ಕಣ್ಣು ಮುಚ್ಚಿಕೊಂಡು ಮೂರು ಸಲ ಶಿಲುಬೆ ಗುರುತು ಹಾಕಿಕೊಳ್ಳುವ ಹೆಂಗಸು! ಊಟಿಯ ಆಸ್ಪತ್ರೆ ದೊರೆಗಳಿಗೆ ಎಂದು ನಮ್ಮ ಕೇರಿಯ ತಿಳುವಳಿಕೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗಬೇಕು, ನನ್ನ ತವರಿನಲ್ಲಿದ್ದವರೆಲ್ಲ ಕನ್ಯಾಸ್ತ್ರೀಯರು. ಬೆಳಗ್ಗೆ ಎದ್ದರೆ ಇದೇ ಚಿಂತೆ.

ಬೂದಿ ಬುಧವಾರದ ಸಂಜೆ ಓದು ಶುರುವಾಯಿತು. ನನ್ನ ಮಣೆ ಎಲ್ಲಿಡಬೇಕು ಎಂಬುದಕ್ಕೇ ಅರ್ಧ ಗಂಟೆ ಹಿಡಿಯಿತು. ಕೊನೆಗೆ ಉಪದೇಶಿ ತಾತ ಹಲಗೆಗೆ ನೇರವಾಗಿ ಅಂಗಳದಲ್ಲಿ ಕೋಲಿನಿಂದ ಗೆರೆ ಎಳೆದು, ಮಣೆಯ ಒಂದು ಕಾಲು ಈ ಕಡೆ, ಇನ್ನೊಂದು ಕಾಲು ಆ ಕಡೆ ಬರುವಂತೆ ಇಡಿಸಿದರು. ನಾನು ಜಗುಲಿಗೆ ಮುಖ ಮಾಡಿ ಕೂತೆ. ಅತ್ತೆ ತಮ್ಮ ಅರ್ಧ ಜಗುಲಿಯಲ್ಲಿ, ದೊಡ್ಡತ್ತೆ ತಮ್ಮ ಅರ್ಧ ಜಗುಲಿಯಲ್ಲಿ. ಇಬ್ಬರಿಗೂ ನಾನು ಕಾಣುತ್ತಿದ್ದೆ, ಅವರಿಬ್ಬರಿಗೆ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಇಬ್ಬರೂ ಒಂದೊಂದು ದೀಪ ತಂದಿಟ್ಟಿದ್ದರಿಂದ ನನಗೆ ಬೆಳಕಿಗೇನೂ ಕಡಿಮೆಯಾಗಲಿಲ್ಲ. ಉಳಿದವರು ಕಂಬಳಿ ಹೊದ್ದು ಅಂಗಳದಲ್ಲಿ ಕೂತರು.

ಮೊದಲ ದಿನದ ಪಾಠವೇ, ಉಪವಾಸ ಮಾಡುವಾಗ ಮುಖ ಬಾಡಿಸಿಕೊಂಡು ಊರಿಗೆಲ್ಲ ತೋರಿಸಬೇಡಿ, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಳ್ಳಿ ಎಂಬುದು. ಓದಿ ಮುಗಿಸಿದ್ದೇ ತಡ, ಅತ್ತೆ ಹಲಗೆಯ ಕಡೆ ತಿರುಗಿ, "ಕೇಳಿಸ್ತಾ?" ಎಂದರು. ಅದೇ ಗಳಿಗೆಯಲ್ಲಿ ಆ ಕಡೆಯಿಂದಲೂ, "ಕೇಳಿಸ್ತಾ?" ಎಂದು ಬಂತು. ಮರುದಿನ ಬೆಳಗ್ಗೆ ನೋಡಿದರೆ ಇಬ್ಬರೂ ತಲೆಗೆ ಎಣ್ಣೆ ಸುರಿದುಕೊಂಡು, ಹಲ್ಲು ಕಿರಿದುಕೊಂಡು ತಮ್ಮ ತಮ್ಮ ಕೋಸಿನ ಪಾತಿಯಲ್ಲಿ ನಿಂತಿದ್ದಾರೆ. ಹೊಟ್ಟೆಗಿಲ್ಲದೆ ನಗುವವರನ್ನು ನೋಡುವುದು ಅಳುವವರನ್ನು ನೋಡುವುದಕ್ಕಿಂತ ಕಷ್ಟ.

ಶತ್ರುಗಳನ್ನು ಪ್ರೀತಿಸಿ ಎಂಬ ಪಾಠ ಶುಕ್ರವಾರ ಬಂತು. ಅವತ್ತೂ ಎರಡು ಕಡೆಯಿಂದ "ಕೇಳಿಸ್ತಾ?" ಭಾನುವಾರ, ಕಲ್ಲುಗಳನ್ನು ರೊಟ್ಟಿ ಮಾಡೆಂದು ಸೈತಾನ ಯೇಸುಸ್ವಾಮಿಯನ್ನು ಕೆಣಕಿದ ಪಾಠ. ನನ್ನ ಗಂಡ ಅಷ್ಟೂ ದಿನ ಒಂದು ಹೊತ್ತಿನ ಊಟದ ಮೇಲೆ ದೊರೆಯ ತೋಟ ಅಗೆದಿದ್ದರು. ಆ ರೊಟ್ಟಿಯ ಭಾಗವನ್ನು ಇನ್ನೊಂದು ಸಲ ಓದು ಎಂದು ಕೇಳಿ ಉಪದೇಶಿ ತಾತನಿಂದ ಬೈಸಿಕೊಂಡರು.

ಸೋಮವಾರ ನಿಜವಾದ ಪಜೀತಿ. ಕಡೆಯ ದಿನ ಕುರಿಗಳನ್ನು ಬಲಕ್ಕೂ ಆಡುಗಳನ್ನು ಎಡಕ್ಕೂ ನಿಲ್ಲಿಸಿ, ಎಡದವರನ್ನು ಬೆಂಕಿಗೆ ಕಳಿಸುವ ಪಾಠ. ದೊಡ್ಡತ್ತೆ ಎದ್ದು ನಿಂತುಬಿಟ್ಟರು.

"ಆಡು ಏನ್ ಮಾಡ್ತು? ಯಾರ ಗಂಟು ತಿಂತು?"

"ಅದು ಹೋಲಿಕೆ ಕನಮ್ಮ, ಕುಳಿತ್ಕೊ" ಎಂದರು ತಾತ.

"ಹೋಲ್ಕೆಗೆ ಕುರೀನೇ ಎಡಕ್ಕೆ ನಿಲ್ಸಬೋದಿತ್ತಲ್ಲ? ಈ ಕೇರೀಲಿ ಆಡು ಇರೋದು ಯಾರ ಮನೇಲಿ? ಎಲ್ಲಾ ಆ ಕಡೆಯೋಳು ಹೇಳ್ಕೊಟ್ಟು ಓದಿಸ್ತಿರೋದು!"

ನಾನು ಪುಸ್ತಕ ತೆಗೆದು ತೋರಿಸಿದೆ, ಇಲ್ಲೇ ಬರೆದಿದೆ ನೋಡಿ ಎಂದೆ. ಅವರಿಗೆ ಓದಲು ಬಾರದು. ಅಕ್ಷರಗಳನ್ನು ಸಂಶಯದಿಂದ ದಿಟ್ಟಿಸಿ, "ಬರ್ದಿರ್ತೀರಿ" ಎಂದರು.

ಅಂದಿನಿಂದ ನಾನು ಎರಡು ಕಡೆಯ ಅಪರಾಧಿಯಾದೆ. ಅತ್ತೆಗೆ ಚುಚ್ಚುವ ಪಾಠ ಬಂದರೆ ದೊಡ್ಡತ್ತೆ ನನಗೆ ಹುರಿಗಡಲೆ ಕೊಟ್ಟು ಓದಿಸಿದ್ದಾರೆಂದು ಅತ್ತೆಯ ಅನುಮಾನ. ಅದು ಪೂರ್ತಿ ಸುಳ್ಳಲ್ಲ. ಹಲಗೆಯಲ್ಲಿ ಗಂಟು ಕಳಚಿ ಒಂದು ತೂತಾಗಿತ್ತು. ಅತ್ತೆ ಹಿತ್ತಿಲಿಗೆ ಹೋದಾಗ ಆ ತೂತಿನಿಂದ ನಾಲ್ಕು ಬೆರಳು ಬಂದು ಹುರಿಗಡಲೆ ಚೆಲ್ಲಿ ಹೋಗುತ್ತಿದ್ದವು. ಬಸುರಿಗೆ ಉಪವಾಸವಿಲ್ಲ, ನಾನು ಆರಿಸಿ ತಿನ್ನುತ್ತಿದ್ದೆ. ಆದರೆ ಅದು ಓದಿಗೆ ಕೊಟ್ಟ ಲಂಚವಲ್ಲ. ಒಂದು ದಿನ ಆ ತೂತಿಗೆ ಕಿವಿಯಿಟ್ಟಾಗ ದೊಡ್ಡತ್ತೆ ಕೇಳಿದ್ದು ಒಂದೇ ಮಾತು: "ಕಾಲು ಊದ್ಕೊಂಡದಾ ಮಗ?"

ಮೂರನೆಯ ವಾರ, ತಪ್ಪು ಮಾಡಿದ ಸಹೋದರನನ್ನು ಎಪ್ಪತ್ತೇಳು ಸಲ ಕ್ಷಮಿಸಬೇಕು ಎಂಬ ಪಾಠ ಬಂತು. ಬರೀ ಎಪ್ಪತ್ತೇಳಲ್ಲ, ಎಪ್ಪತ್ತರ ಏಳರಷ್ಟು ಎಂದು ತಾತ ತಿದ್ದಿದರು. ಅತ್ತೆ ಮಗನನ್ನು ಕೇಳಿ ಗುಣಾಕಾರ ಮಾಡಿಸಿದರು. ನಾನ್ನೂರ ತೊಂಬತ್ತು. "ಅದು ಮೊದಲ್ನೇ ವರ್ಷಕ್ಕೇ ಮುಗುದೋಯ್ತು" ಎಂದು ನೆಮ್ಮದಿಯಾಗಿ ಉಸಿರು ಬಿಟ್ಟರು. ನನಗೆ ನಗು ಬಂತು, ಒಳಗೊಳಗೇ ಸಿಟ್ಟೂ ಬಂತು. ಹೊಟ್ಟೆಯೊಳಗಿನ ಕೂಸು ಅಷ್ಟು ಹೊತ್ತಿಗೆ ಒದೆಯುವುದನ್ನು ಚೆನ್ನಾಗಿ ಕಲಿತಿತ್ತು.

ನಾಲ್ಕನೆಯ ವಾರದ ಸೋಮವಾರ ಇಬ್ಬರು ತಾಯಂದಿರ ಪಾಠ. ಒಂದೇ ಮನೆಯಲ್ಲಿದ್ದ ಇಬ್ಬರು ಹೆಂಗಸರಿಗೆ ಒಂದೊಂದು ಎಳೆಗೂಸು. ಒಬ್ಬಳ ಕೂಸು ರಾತ್ರಿ ಸತ್ತುಹೋಗುತ್ತದೆ. ಬದುಕಿದ ಕೂಸನ್ನು ಇಬ್ಬರೂ ತನ್ನದೆನ್ನುತ್ತಾರೆ. ರಾಜನು ಕತ್ತಿ ತರಿಸಿ, ಕೂಸನ್ನು ಎರಡು ಹೋಳು ಮಾಡಿ ಹಂಚಿ ಎನ್ನುತ್ತಾನೆ. ಬೇಡ, ಅವಳಿಗೇ ಕೊಟ್ಟುಬಿಡಿ ಎಂದು ಒಬ್ಬಳು ಕೂಗಿಕೊಳ್ಳುತ್ತಾಳೆ. ಅವಳೇ ನಿಜವಾದ ತಾಯಿ ಎಂದು ರಾಜ ಕೂಸನ್ನು ಅವಳಿಗೆ ಕೊಡಿಸುತ್ತಾನೆ. ನಾನು ಓದುತ್ತ ಹೋದಂತೆ ಅಂಗಳದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಂಟು ವರ್ಷದ ಕೆಳಗೆ ತೀರ್ಮಾನ ಕೊಟ್ಟ ಹಿರಿಯರು ಕಂಬಳಿಯನ್ನು ಮೂಗಿನ ಮೇಲಕ್ಕೆ ಎಳೆದುಕೊಂಡರು.

ಓದು ಮುಗಿಯಿತು. "ಕೇಳಿಸ್ತಾ?" ಎಂಬ ಕೂಗಿಗೆ ನಾನು ಕಾದೆ. ಎರಡು ಕಡೆಯಿಂದಲೂ ಬರಲಿಲ್ಲ. ದೊಡ್ಡತ್ತೆ ಮೆಲ್ಲಗೆ ನನ್ನನ್ನೇ ಕೇಳಿದರು.

"ಅಲ್ಲ ಮಗ, ಆ ಇನ್ನೊಬ್ಳು... ಅವ್ಳ ಕೂಸು ಸತ್ತಿತ್ತಲ್ಲ. ಅವ್ಳಿಗೆ ರಾಜ ಏನ್ ಕೊಟ್ಟ?"

ನಾನು ಪುಟ ತಿರುವಿ ನೋಡಿದೆ. ಮುಂದಿನದು ಮಂಗಳವಾರದ ಪಾಠ. ತಾತನ ಕಡೆ ನೋಡಿದೆ.

"ಅದೇನೂ ಬರ್ದಿಲ್ಲ ಕನಮ್ಮ" ಎಂದರು ತಾತ.

"ಬರೀಬೇಕಿತ್ತು" ಎಂದು ಹೇಳಿ ದೊಡ್ಡತ್ತೆ ದೀಪ ಎತ್ತಿಕೊಂಡು ಒಳಗೆ ಹೋದರು.

ನನ್ನ ಗಂಡ ಅಂದು ಊಟಕ್ಕೆ ಕೂತಾಗ ತಲೆ ಎತ್ತಲಿಲ್ಲ. ನಾನು ಬಿಡದೆ ಕೇಳಿದ ಮೇಲೆ ಪಿಸುಮಾತಿನಲ್ಲಿ ಹೇಳಿದರು. ದೊಡ್ಡತ್ತೆಗೆ ಒಂದು ಗಂಡು ಕೂಸು ಹುಟ್ಟಿ, ಜ್ಞಾನಸ್ನಾನ ಆಗುವಷ್ಟು ದಿನ ಇದ್ದು, ಹೋಗಿಬಿಟ್ಟಿತ್ತಂತೆ. ಮತ್ತೆ ಮಕ್ಕಳಾಗಲಿಲ್ಲ. ಪಾಲಿನ ದಿನ ಒರಳಿಗಾಗಿ ಎಳೆದಾಡುವಾಗ ಅತ್ತೆ ಎಲ್ಲರೆದುರು, "ಉಣ್ಣೋ ಮಕ್ಕಳಿಲ್ದೋಳಿಗೆ ಒರಳ್ಯಾಕೆ?" ಎಂದುಬಿಟ್ಟಿದ್ದರು. ಜಗಳ ನಿಂತದ್ದು ಕಲ್ಲಿನ ಮೇಲಲ್ಲ, ಆ ಮಾತಿನ ಮೇಲೆ. ಎಂಟು ವರ್ಷ ಇಬ್ಬರೂ ಕಲ್ಲು ಕಲ್ಲು ಎನ್ನುತ್ತಿದ್ದರು, ಆ ಮಾತನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಅತ್ತೆಯ ಮೇಲೆ ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಬಸುರಿ ಸೊಸೆ ಬಾಯಿ ಮಾಡಬಾರದೆಂದು ಸುಮ್ಮನಾದೆ.

ಬೆಳಗ್ಗೆ ಬಾಗಿಲು ತೆಗೆದರೆ, ಅತ್ತೆ ಗುಂಡನ್ನು ಉರುಳಿಸಿಕೊಂಡು ಬಂದು ಅಂಗಳದ ಗೆರೆಯ ಮೇಲೆ ಇಟ್ಟಿದ್ದಾರೆ. ಕಣ್ಣು ಕೆಂಪಗಿವೆ, ನಿದ್ದೆ ಮಾಡಿದ ಹಾಗಿಲ್ಲ. ಅಷ್ಟಕ್ಕೇ ಸುಮ್ಮನೆ ಒಳಗೆ ಬಂದಿದ್ದರೆ ಎಲ್ಲ ಅಂದೇ ಸರಿಹೋಗುತ್ತಿತ್ತು. ಆದರೆ ನಾಲಿಗೆ ಕೇಳಬೇಕಲ್ಲ! ಹಲಗೆಯ ಕಡೆ ಮುಖ ಮಾಡಿ ಕೂಗಿದರು:

"ಗುಂಡು ನಂಗ್ ಬ್ಯಾಡ. ಅವ್ಳೇ ಇಟ್ಕೊಳ್ಲಿ. ಬಿಟ್ಕೊಟ್ಟೋಳೇ ನಿಜವಾದ ತಾಯಿ ಅಂತ ವೇದ್ದಲ್ಲೇ ಅದೆ!"

ಆ ಕಡೆ ಬಾಗಿಲು ಕಿರ್ರೆಂದಿತು. "ಓಹೋ, ತಾಯಿ ಆಗಕ್ಕೆ ಬಂದ್ಲಾ? ನಂಗೂ ಬಿಟ್ಕೊಡಕ್ಕೆ ಬತ್ತದೆ!" ಎನ್ನುತ್ತ ದೊಡ್ಡತ್ತೆ ಹಾರೆ ತಂದರು. ಅರವತ್ತು ದಾಟಿದ ಹೆಂಗಸು, ಒಪ್ಪೊತ್ತಿನ ಊಟ. ಆ ಒರಳನ್ನು ಮೀಟಿ ಮೀಟಿ, ಆಡುಗಳು ಕಂಗಾಲಾಗಿ ನೋಡುತ್ತಿರುವಾಗ, ಅಂಗಳದ ಗೆರೆಯವರೆಗೆ ಉರುಳಿಸಿ ತಂದರು.

"ತಗೊಳ್ಲಿ ಅವ್ಳೇ!"

"ನಾನ್ ಮೊದ್ಲು ಬಿಟ್ಟಿದ್ದು!"

"ಹಗುರ್ದುನ್ನ ಯಾರ್ ಬೇಕಾದ್ರೂ ಬಿಡ್ತಾರೆ!"

ಎಂಟು ವರ್ಷ ನನಗೆ ಬೇಕು ನನಗೆ ಬೇಕು ಎಂದು ಜಗಳವಾಡಿದವರು ಅಂದಿನಿಂದ ನನಗೆ ಬೇಡ ನನಗೆ ಬೇಡ ಎಂದು ಜಗಳವಾಡತೊಡಗಿದರು. ಹಳೆಯ ಜಗಳಕ್ಕಿಂತ ಇದು ಜೋರು. ಏಕೆಂದರೆ ಇದರಲ್ಲಿ ಇಬ್ಬರಿಗೂ ಪುಣ್ಯದ ಆಸೆಯಿತ್ತು. ಉಪದೇಶಿ ತಾತನನ್ನು ಕರೆಸಿದರು. ತಾತ ತಮ್ಮ ಮಂಜುಗಣ್ಣಿನಿಂದ ಎರಡು ಕಲ್ಲನ್ನೂ ಮುಟ್ಟಿ ನೋಡಿ, ಕುರುಡನಿಗೆ ಕಣ್ಣು ಬಂದ ಪಾಠ ನಾಳೆ ಬುಧವಾರ ಇದೆ, ತಾವು ಅದಕ್ಕೆ ತಯಾರಾಗಬೇಕು ಎಂದು ಹೊರಟುಹೋದರು.

ಒರಳೂ ಗುಂಡೂ ಪಕ್ಕಪಕ್ಕದಲ್ಲಿ ಎರಡು ವಾರ ಅಂಗಳದಲ್ಲೇ ಬಿದ್ದಿದ್ದವು. ನಾನೊಂದು ದಿನ ಖಾರದ ಪಾತ್ರೆ ಹಿಡಿದು ಅದರ ಹತ್ತಿರ ಹೋದೆ. "ಮುಟ್ಬ್ಯಾಡ! ಬಿಟ್ಕೊಟ್ಟಿದ್ದುನ್ನ ಮುಟ್ಟುದ್ರೆ ಮಾತಿಗೆ ಬೆಲೆ ಏನ್ ಬಂತು?" ಎಂದು ಈ ಕಡೆಯಿಂದ. "ಮುಟ್ಟುಸ್ತಾಳೆ ನೋಡು, ಬಸುರಿ ಕೈಲಿ!" ಎಂದು ಆ ಕಡೆಯಿಂದ. ಹೀಗೆ ಇಡೀ ಕಲ್ಲು ಮನೆಯ ಮುಂದಿದ್ದರೂ ಅದನ್ನು ಸುತ್ತಿ ಬಳಸಿ ನಾನು ಹಟ್ಟಿಗೆ ಇಳಿಯಬೇಕಾಯಿತು. ಹಟ್ಟಿಯ ಅಜ್ಜಿ ಈ ಹೊಸ ಸುದ್ದಿ ಕೇಳಿ ನಕ್ಕ ನಗೆಗೆ ಅವರ ಕಣ್ಣಲ್ಲಿ ನೀರು ಬಂತು. ಆಮೇಲೆ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ ನಗು ನಿಲ್ಲಿಸಿದರು. ಮಗು ಇಳಿದಿದೆ, ಇನ್ನು ಈ ದಾರಿ ನಡೆಯಬೇಡ ಎಂದು ಕೈಸನ್ನೆ ಮಾಡಿ ಹೇಳಿದರು.

ಅಂದು ಪಾಸ್ಕಕ್ಕೆ ಮುಂಚಿನ ಪವಿತ್ರ ವಾರದ ಮಂಗಳವಾರ. ಏರು ಹತ್ತಿ ಬರುವಾಗ ಮೂರು ಕಡೆ ಕೂತೆ. ಕೆಳಗೆ ಊಟಿ ರೈಲು ಉಸಿರು ಕಟ್ಟಿಕೊಂಡು ಏರುತ್ತಿತ್ತು, ನನಗೂ ಅದಕ್ಕೂ ಅಂದು ವ್ಯತ್ಯಾಸವಿರಲಿಲ್ಲ. ಮನೆಗೆ ಬರುವಷ್ಟರಲ್ಲಿ ನನ್ನ ಭಯವೆಲ್ಲ ಸಿಟ್ಟಾಗಿತ್ತು. ನಾನು ಹುಟ್ಟಾ ಸಿಟ್ಟಿನವಳು. ಅನಾಥಾಲಯದಲ್ಲಿ ಕನ್ಯಾಸ್ತ್ರೀಯರು ಇದಕ್ಕಾಗಿಯೇ ನನಗೆ ಪ್ರತ್ಯೇಕ ಜಪ ಕೊಟ್ಟಿದ್ದರು.

ಸಂಜೆ ಎಲ್ಲರೂ ಬಂದು ಕೂತರು. ಎರಡೂ ದೀಪ ಉರಿಯುತ್ತಿದ್ದವು. ಅಂದು ಯೇಸುಸ್ವಾಮಿ ಶಿಲುಬೆಯ ಮೇಲೆ ಸಾಯುವವರೆಗೆ ಪಟ್ಟ ಪಾಡುಗಳ ದೊಡ್ಡ ಪಾಠ. ನಾನು ಪುಸ್ತಕದ ಬದಲು ನೆನೆಸಿದ ಅಕ್ಕಿ, ಉದ್ದಿನ ಪಾತ್ರೆ ಹಿಡಿದು ಹೊರಗೆ ಬಂದೆ.

"ಪುಸ್ತಕ ಎಲ್ಲವ್ವ?" ಎಂದರು ತಾತ.

"ಓದಲ್ಲ ತಾತ."

"ಪವಿತ್ರ ವಾರದಲ್ಲಿ ಓದಲ್ಲ ಅಂದ್ರೆ?"

"ಬೂದಿ ಬುಧವಾರದಿಂದ ಓದಿದೆ. ಈ ಮನೆಯವರು ಪಕ್ಕದವರಿಗೆ ಅಂತ ಕೇಳಿದರು, ತಮಗೆ ಅಂತ ಒಂದು ದಿನ ಕೇಳಲಿಲ್ಲ. ಇನ್ನು ನನ್ನ ಕೈಲಾಗಲ್ಲ."

ಒರಳನ್ನು ಸೆರಗಿನಿಂದ ಒರೆಸಿ, ಗುಂಡನ್ನು ಎರಡು ಕೈಯಲ್ಲಿ ಎತ್ತಿ ಒಳಗೆ ಕೂರಿಸಿ, ಅಕ್ಕಿ ಸುರಿದು ರುಬ್ಬಲು ಕೂತೆ. ಕೂತದ್ದೇನೋ ಸರಿ, ಹೊಟ್ಟೆ ಅಡ್ಡ ಬಂದು ಕೈ ಎಟುಕಲಿಲ್ಲ. ಒಂದು ಪಕ್ಕಕ್ಕೆ ಕಾಲು ಚಾಚಿ, ಸೊಟ್ಟಗೆ ವಾಲಿಕೊಂಡು ತಿರುಗಿಸಿದೆ. ಆ ಕಲ್ಲಿಗೆ ಒಂದು ದಪ್ಪ ಗುಡುಗುಡು ಸದ್ದು. ಎಂಟು ವರ್ಷದಿಂದ ಆ ಅಂಗಳದಲ್ಲಿ ಕೇಳದ ಸದ್ದು. ನಾನು ರುಬ್ಬುತ್ತಲೇ ಹೇಳಿದೆ. ಅಳಬಾರದೆಂದುಕೊಂಡಿದ್ದೆ, ಆದರೂ ಅಳು ಬಂತು.

"ನನಗೆ ಹೆದರಿಕೆ ಆಗ್ತದೆ. ಮುಂದಿನ ವಾರ ನೋವು ಬಂದರೆ ನನ್ನನ್ನ ಹಿಡ್ಕೊಳ್ಳೋರು ಯಾರು? ನನಗೆ ತಾಯಿ ಇಲ್ಲ. ಈ ಮನೇಲಿ ಇಬ್ಬರಿದ್ದಾರೆ, ಇಬ್ಬರೂ ಬಿಟ್ಟುಕೊಟ್ಟು ಕೂತಿದ್ದಾರೆ."

"ಎದ್ದೇಳು ಅಲ್ಲಿಂದ!"

ಎರಡು ಕಡೆಯಿಂದ ಒಂದೇ ಉಸಿರಿಗೆ ಒಂದೇ ಮಾತು ಬಂತು. ಅತ್ತೆ ಈ ಜಗುಲಿಯಿಂದ ಇಳಿದರು, ದೊಡ್ಡತ್ತೆ ಆ ಜಗುಲಿಯಿಂದ. ಒಬ್ಬರು ನನ್ನ ಬಲಗೈ ಹಿಡಿದರು, ಒಬ್ಬರು ಎಡಗೈ. ಎಬ್ಬಿಸಿ ಮಣೆಯ ಮೇಲೆ ಕೂರಿಸಿದರು. ಅಕ್ಕಿ ಅರ್ಧಂಬರ್ಧ ನುರಿದು ಒರಳಲ್ಲಿತ್ತು. ಅನ್ನ ಆಗುವ ಪದಾರ್ಥವನ್ನು ಹಾಗೆ ಬಿಡುವುದು ಇಬ್ಬರಿಗೂ ಅಭ್ಯಾಸವಿಲ್ಲ. ದೊಡ್ಡತ್ತೆ ಕೂತು ಗುಂಡು ಹಿಡಿದರು. ಅತ್ತೆ ಎದುರಿಗೆ ಕುಕ್ಕರಗಾಲಲ್ಲಿ ಕೂತು ಹಿಟ್ಟನ್ನು ಒಳಕ್ಕೆ ತಳ್ಳತೊಡಗಿದರು. ಚಿಕ್ಕಂದಿನಲ್ಲಿ ತಾಯಿಯ ಮನೆಯಲ್ಲಿ ಹಾಗೇ ರುಬ್ಬುತ್ತಿದ್ದರೆಂದು ಅವರ ಕೈ ನೋಡಿದರೇ ತಿಳಿಯುತ್ತಿತ್ತು.

"ನೀರ್ ಸಾಲ್ದು" ಎಂದರು ದೊಡ್ಡತ್ತೆ, ಯಾರನ್ನೂ ನೋಡದೆ.

"ನಂಗೊತ್ತು" ಎಂದರು ಅತ್ತೆ. ನೀರು ಚಿಮುಕಿಸಿದರು.

ಎಂಟು ವರ್ಷದ ಮೇಲೆ ಜಗಳವಿಲ್ಲದೆ ಆಡಿದ ಮೊದಲ ಮಾತು ಇಷ್ಟೇ. ತಾತ ಶಿಲುಬೆ ಗುರುತು ಹಾಕಿಕೊಂಡು, ಇಂದಿನ ಪಾಠ ಆಯಿತು ಎಂದು ಜನರನ್ನು ಎಬ್ಬಿಸಿದರು. ಕಲ್ಲು ಇನ್ನೂ ಏಳೆಂಟು ಸುತ್ತು ತಿರುಗಿತು. ಆಮೇಲೆ ಅತ್ತೆ ಹಿಟ್ಟಿನ ಕೈಯನ್ನು ಒರಳೊಳಗೇ ಬಿಟ್ಟುಕೊಂಡು ಹೇಳಿದರು:

"ಅವತ್ತು ನಾನ್ ಆ ಮಾತ್ ಆಡ್ಬಾರ್ದಿತ್ತು ಅಕ್ಕ."

ಗುಂಡು ನಿಂತಿತು. ದೊಡ್ಡತ್ತೆ ಗುಂಡಿಗೆ ಅಂಟಿದ ಹಿಟ್ಟನ್ನು ಬೆರಳಿನಿಂದ ಬಳಿದು ಒಳಕ್ಕೆ ಹಾಕಿದರು.

"ಕೈ ತಗಿ" ಎಂದರು ಕೊನೆಗೆ. "ಬೆರಳು ನಜ್ಜೋಯ್ತದೆ."

ಹಲಗೆಯನ್ನು ಅವರು ಕೀಳಿಸಲಿಲ್ಲ. ಅಷ್ಟು ಬೇಗ ಸಂತರಾಗುವ ಪೈಕಿ ಅಲ್ಲ ಇಬ್ಬರೂ. ಪಾಸ್ಕದ ದಿನ ಕೋಳಿಸಾರಿಗೆ ಮೆಣಸು ಎಷ್ಟು ಎಂಬುದಕ್ಕೆ ಮತ್ತೆ ಜಗಳವಾಯಿತು. ಆದರೆ ಹಬ್ಬದ ಮೂರನೆಯ ದಿನ ಬೆಳಗ್ಗೆ ನನಗೆ ನೋವು ಕಾಣಿಸಿಕೊಂಡಾಗ, ಅತ್ತೆ ಬರಿಗಾಲಲ್ಲಿ ಅಂಗಳಕ್ಕೆ ಓಡಿ, "ಅಕ್ಕಾ!" ಎಂದು ಕೂಗಿದ್ದು ಹಟ್ಟಿಗೂ ಕೇಳಿಸಿತಂತೆ. ದೊಡ್ಡತ್ತೆ ಆಗಲೇ ಬಿಸಿನೀರಿನ ಹಂಡೆಯ ಜೊತೆ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಕರೆಯಲಿ ಎಂದು ಕಾದಿದ್ದರಷ್ಟೆ.

ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಕೂಸಾಯಿತು. ನಾನು ಮೊದಲೇ ಹೆದರಿದ್ದ ಹಾಗೆ, ಅತ್ತೆ ರಕ್ತ ನೋಡಿ ಮೂಲೆಯಲ್ಲಿ ಕುಸಿದು ಕೂತಿದ್ದರು. ಎಚ್ಚೆತ್ತು ಎದ್ದು ಬರುವಷ್ಟರಲ್ಲಿ ದೊಡ್ಡತ್ತೆ ಕೂಸನ್ನು ತೊಳೆದು, ಹಳೆಯ ಸೀರೆಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ನಿಂತಿದ್ದರು. ಮೊಮ್ಮಗುವನ್ನು ಇಸಿದುಕೊಳ್ಳಲು ಅತ್ತೆ ಎರಡೂ ಕೈ ಚಾಚಿದರು. ದೊಡ್ಡತ್ತೆ ಕೊಡಲು ಮುಂದೆ ಬಂದರು. ಅತ್ತೆ ಅಕ್ಕನ ಮುಖ ನೋಡಿದರು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಸೆರಗಿಗೆ ಒರೆಸಿಕೊಂಡರು.

"ಇರ್ಲಿ ಅಕ್ಕ" ಎಂದರು. "ಒಂದ್ ಗಳ್ಗೆ ನಿನ್ ತಾವೇ ಇರ್ಲಿ."

ಆ ಒಂದು ಗಳಿಗೆ ಎಷ್ಟು ಉದ್ದವಾಯಿತೆಂದರೆ, ಕೂಸು ಹಸಿದು ಅಳತೊಡಗಿದ ಮೇಲೆ ನಾನೇ ಕೇಳಿ ಇಸಿದುಕೊಳ್ಳಬೇಕಾಯಿತು.